ಮಡಿದವರ ಹೆಸರು ಹುಡುಕಲು ಒಂದು ಜಾಲತಾಣ: ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆ ಸೇವೆ

ಎರಡು ಮಹಾಯುದ್ಧಗಳಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಪಡೆಗಳಲ್ಲಿದ್ದು ಮಡಿದ ಸುಮಾರು 17 ಲಕ್ಷ ಜನರ ದಾಖಲೆಯನ್ನು, 1917ರಲ್ಲಿ ಸ್ಥಾಪನೆಯಾದ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವು ಯಾರು ಬೇಕಾದರೂ ಹಣ ತೆರದೆ ಹುಡುಕುವಂತೆ ತನ್ನ ಜಾಲತಾಣದಲ್ಲಿ ಇರಿಸಿದೆ. ಮನೆತನದ ಹಿರಿಯರೊಬ್ಬರು ಇರಾಕಿನ ಬಸ್ರಾ ಕಡೆಗೆ ಹೋದವರು ತಿರುಗಿ ಬರಲಿಲ್ಲ ಎಂಬ ಮಾತಷ್ಟೇ ಉಳಿದಿರುವ ಕುಟುಂಬಗಳಿಗೆ ಇದಕ್ಕಿಂತ ಒಳ್ಳೆಯ ಮೊದಲ ಮೆಟ್ಟಿಲು ನನಗೆ ಗೊತ್ತಿಲ್ಲ.

ದಾಖಲೆಯೊಂದನ್ನು ತೆರೆದರೆ ಹೆಸರು, ಹುದ್ದೆ, ಸೈನಿಕ ಸಂಖ್ಯೆ, ರೆಜಿಮೆಂಟ್, ಸತ್ತ ದಿನಾಂಕ, ಸ್ಮಾರಕದ ಯಾವ ಫಲಕದಲ್ಲಿ ಆ ಹೆಸರಿದೆ ಎಂಬ ವಿವರ ಕಾಣುತ್ತದೆ. ಕೆಲವರ ದಾಖಲೆಯ ಕೊನೆಯಲ್ಲಿ ಇಂಥವರ ಮಗ, ಇಂಥ ಊರಿನವನು ಎಂಬ ಒಂದೇ ಸಾಲು ಇರುತ್ತದೆ; ಆ ಸಾಲಿನ ಮುಂದೆ ನಾನು ಬಹಳ ಹೊತ್ತು ಕುಳಿತದ್ದುಂಟು. ನಮ್ಮ ಹೆಸರುಗಳನ್ನು ಅಂದಿನ ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದಿರುವುದರಿಂದ, ಹೆಸರಿಗಿಂತ ರೆಜಿಮೆಂಟಿನ ಮೂಲಕ ಹುಡುಕುವುದು ಮೇಲು.

ಆದರೆ ಇಲ್ಲಿನ ಒಟ್ಟು ಸಂಖ್ಯೆಯನ್ನು ಓದುವಾಗ ಎಚ್ಚರ ಬೇಕು. ಮೊದಲ ಯುದ್ಧಕ್ಕೆ ಆಯೋಗ ಹಾಕಿಕೊಂಡಿರುವ ಅವಧಿ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ. ಈ ಅವಧಿಯಲ್ಲಿ ಸೇವೆಯಲ್ಲಿದ್ದಾಗ ಜ್ವರದಿಂದ ಸತ್ತ ಸಿಪಾಯಿಯೂ ಲೆಕ್ಕಕ್ಕೆ ಸೇರುತ್ತಾನೆ. ಹೆಸರನ್ನೇ ಯಾರೂ ಬರೆದಿಡದ ಹೊರೆಯಾಳು ಗುಂಡಿಗೆ ಬಲಿಯಾಗಿದ್ದರೂ ಸೇರುವುದಿಲ್ಲ. ಕಲ್ಲಿನ ಮೇಲಂತೂ ಭೇದ ಎದ್ದು ಕಾಣುತ್ತದೆ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳನ್ನು ಕೆತ್ತಿದರು. ಭಾರತದ ಸಾಮಾನ್ಯ ಸಿಪಾಯಿಗಳ ಪಾಲಿಗೆ ಬಂದದ್ದು ಪಡೆಯ ಹೆಸರು ಮತ್ತು ಸತ್ತವರ ಸಂಖ್ಯೆ. ಎಲ್ಲರನ್ನೂ ಸಮಾನವಾಗಿ ಸ್ಮರಿಸುವುದೇ ತನ್ನ ತತ್ವ ಎಂದು ಸಾರಿದ ಸಂಸ್ಥೆಯಿಂದಲೇ ಈ ಕೆಲಸ ಆಯಿತೆಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಇದನ್ನು ಆಯೋಗ ಬಚ್ಚಿಟ್ಟಿಲ್ಲ. ಅದು ನೇಮಿಸಿದ ವಿಶೇಷ ಸಮಿತಿಯ 2021ರ ವರದಿಯ ಅಂದಾಜಿನಂತೆ, ಭಾರತ, ಆಫ್ರಿಕಾ, ಈಜಿಪ್ಟ್ ಮೊದಲಾದ ಕಡೆಯ 45,000ದಿಂದ 54,000 ಮಂದಿಯ ಸ್ಮರಣೆ ಅಸಮಾನವಾಗಿ ನಡೆದಿದೆ; ಇನ್ನೂ ಕನಿಷ್ಠ 1,16,000, ಪ್ರಾಯಶಃ 3,50,000ದಷ್ಟು ಜನರಿಗೆ ಹೆಸರಿನ ಸ್ಮರಣೆಯಿಲ್ಲ, ಇಲ್ಲವೇ ಯಾವ ಸ್ಮರಣೆಯೂ ಇಲ್ಲ. ಕನಿಷ್ಠ ಮತ್ತು ಗರಿಷ್ಠ ಅಂದಾಜುಗಳ ನಡುವಿನ ಅಂತರವೇ ಎರಡು ಲಕ್ಷ ದಾಟುತ್ತದೆ. ಈ ಅಂದಾಜನ್ನು ಪ್ರತಿ ಹುಡುಕಾಟದ ಪುಟದಲ್ಲೂ ಒಟ್ಟು ಸಂಖ್ಯೆಯ ಪಕ್ಕದಲ್ಲಿಯೇ ತೋರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹುಡುಕಿ ಹೆಸರು ಸಿಗದವರು ತಮ್ಮ ಅಜ್ಜ ಯುದ್ಧಕ್ಕೆ ಹೋಗಲೇ ಇಲ್ಲವೇನೋ ಎಂದುಕೊಳ್ಳುವಂತಾಗಬಾರದು.

ದೆಹಲಿಯ ಇಂಡಿಯಾ ಗೇಟ್ ಬಗ್ಗೆಯೂ ಇಂಥದೇ ತಪ್ಪು ತಿಳಿವಳಿಕೆಯಿದೆ. ಅದು ಸುಮಾರು 70,000 ಸೈನಿಕರ ಸ್ಮಾರಕ, ನಿಜ. ಗೋಡೆಗಳ ಮೇಲಿರುವ ಹೆಸರುಗಳು 13 ಸಾವಿರಕ್ಕೂ ತುಸು ಹೆಚ್ಚು, ಅವೂ ಮುಖ್ಯವಾಗಿ ವಾಯವ್ಯ ಗಡಿಯಲ್ಲಿ ಮತ್ತು ಮೂರನೆಯ ಆಫ್ಘನ್ ಯುದ್ಧದಲ್ಲಿ ಮಡಿದವರವು. ಹೊರದೇಶಗಳಲ್ಲಿ ಸತ್ತವರನ್ನು ಅಲ್ಲಲ್ಲಿಯ ಸ್ಮಾರಕಗಳ ಪಟ್ಟಿಯಲ್ಲೇ ಹುಡುಕಬೇಕು.

ಮೈಸೂರು ಲ್ಯಾನ್ಸರ್ಸ್ ಪಡೆ 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾ ನಗರವನ್ನು ವಶಪಡಿಸಿಕೊಂಡ ದಳಗಳಲ್ಲಿ ಒಂದಾದ್ದರಿಂದ, ಹಳೆಯ ಮೈಸೂರಿನವರು ಈಜಿಪ್ಟ್ ಮತ್ತು ಪ್ಯಾಲೆಸ್ತೀನ್ ಭಾಗದ ದಾಖಲೆಗಳಿಂದ ಆರಂಭಿಸಬಹುದು. ಅಲ್ಲಿ ಸತ್ತು ಸಮಾಧಿಯೂ ಸಿಗದ ಸುಮಾರು 4,000 ಭಾರತೀಯರಿಗಾಗಿ ಸೂಯೆಜ್ ಕಾಲುವೆಯ ದಡದ ಪೋರ್ಟ್ ತೌಫಿಕ್‌ನಲ್ಲಿ ಕಟ್ಟಿದ್ದ ಸ್ಮಾರಕವು ಮುಂದೆ ಅರಬ್-ಇಸ್ರೇಲ್ ಕಾಳಗಗಳಲ್ಲಿ ಹಾಳಾಯಿತು. 1980ರಲ್ಲಿ ಕೈರೋದ ಹೀಲಿಯೊಪೊಲಿಸ್‌ನ ಯುದ್ಧ ಸ್ಮಶಾನದಲ್ಲಿ ಆ ಹೆಸರುಗಳನ್ನು ಮತ್ತೆ ಕೆತ್ತಿಸಿದರು.