ವೆಸಿಕಲ್ ಕೋಶದೊಳಗೆ ಹೋಯಿತಾ? ಪಿಕೆಎಚ್ ಬಣ್ಣವೋ, ಬೀಟಾ-ಲ್ಯಾಕ್ಟಮೇಸೋ

ಗ್ರಾಂ-ನೆಗೆಟಿವ್ (ಒಳಪೊರೆ, ಹೊರಪೊರೆ ಎರಡೂ ಇರುವ) ಬ್ಯಾಕ್ಟೀರಿಯಾದ ಹೊರಪೊರೆ ಅಲ್ಲಲ್ಲಿ ಉಬ್ಬಿ, ಕಳಚಿಕೊಂಡು ವೆಸಿಕಲ್, ಅಂದರೆ ಪುಟ್ಟ ಚೀಲ, ಆಗುತ್ತದೆ. ಗಾತ್ರ ಸುಮಾರು 20ರಿಂದ 250 ನ್ಯಾನೋಮೀಟರ್. ಮೈಮೇಲೆ ಎಲ್‌ಪಿಎಸ್ (ಕೊಬ್ಬು-ಸಕ್ಕರೆ ಸೇರಿದ ಅಣು), ಒಳಗೆ ಟಾಕ್ಸಿನ್, ಕಿಣ್ವ ಇತ್ಯಾದಿ. ಬ್ಯಾಕ್ಟೀರಿಯಾ ದೂರದಲ್ಲೇ ಇದ್ದರೂ ಈ ಸರಕು ಆತಿಥೇಯ ಕೋಶವನ್ನು, ಅಂದರೆ ಅದು ಸೋಂಕು ತಗಲಿಸುವ ಜೀವಿಯ ಕೋಶವನ್ನು, ತಲುಪುತ್ತದೆ. ಅದು ಒಳಗೆ ಹೋಯಿತಾ, ಯಾವ ದಾರಿಯಲ್ಲಿ ಹೋಯಿತು ಅಂತ ನೋಡಲು ನಾನು ಎರಡು ವಿಧಾನ ಬಳಸಿದ್ದೇನೆ.

ಮೊದಲನೆಯದು ಪಿಕೆಎಚ್67 ಬಣ್ಣ. ಕೊಬ್ಬಿಗೆ ಅಂಟುವ ಹಸಿರು ಬಣ್ಣ ಇದು, ವೆಸಿಕಲ್ ಪೊರೆಯಲ್ಲಿ ಸೇರಿಕೊಳ್ಳುತ್ತದೆ. ಯಾವ ಬ್ಯಾಕ್ಟೀರಿಯಾದ ವೆಸಿಕಲ್ ಆದರೂ ಸರಿ, ಜೀನ್ ಮುಟ್ಟುವ ಕೆಲಸವೇ ಇಲ್ಲ. ಕಾನ್ಫೋಕಲ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ.

ಆದರೆ ಆ ಚಿತ್ರವನ್ನು ಸುಮ್ನೆ ನಂಬಬಾರದು. ವೆಸಿಕಲ್ ಇಲ್ಲದೆ ಬರೀ ಬಣ್ಣವನ್ನು ಅದೇ ರೀತಿ ಅಲ್ಟ್ರಾಸೆಂಟ್ರಿಫ್ಯೂಜ್ ಮಾಡಿ (ಅತಿ ವೇಗವಾಗಿ ತಿರುಗಿಸಿ ತಳಕ್ಕಿಳಿಸಿ), ತೊಳೆದು, ಕೋಶಗಳಿಗೆ ಹಾಕಿದೆ. ಕೋಶಗಳು ಆಗಲೂ ಹೊಳೆದವು! ಬಣ್ಣದ ಕಣಗಳೇ ಒಟ್ಟುಗೂಡಿ ವೆಸಿಕಲ್ ಗಾತ್ರದ ಉಂಡೆಗಳಾಗುತ್ತವೆ, ತೊಳೆದರೂ ಪೂರ್ತಿ ಹೋಗುವುದಿಲ್ಲ. 4 ಡಿಗ್ರಿಯಲ್ಲಿ ಇಟ್ಟಾಗಲೂ ಸಿಗ್ನಲ್ ಸಾಕಷ್ಟು ಉಳಿಯಿತು. ಆ ತಾಪಮಾನದಲ್ಲಿ ಎಂಡೋಸೈಟೋಸಿಸ್ (ಕೋಶ ಹೊರಗಿನದನ್ನು ಒಳಗೆಳೆದುಕೊಳ್ಳುವುದು) ನಿಂತಿರುತ್ತದೆ, ಅಂದರೆ ಅದು ಹೊರಗೆ ಅಂಟಿದ್ದರ ಹೊಳಪು. ಹೊರಗಿನ ಹೊಳಪನ್ನು ಅಡಗಿಸುವ ಟ್ರೈಪಾನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿದರೆ ಆ ಹೊಳಪು ಸ್ವಲ್ಪ ಅಡಗುತ್ತದೆ, ಅಷ್ಟೇ.

ಎರಡನೆಯದು ಕಿಣ್ವದ ವಿಧಾನ. ಇ. ಕೋಲೈಯ ಕ್ಲೈಎ ಎಂಬ ಪ್ರೋಟೀನ್ ತಾನಾಗಿಯೇ ವೆಸಿಕಲ್‌ಗೆ ಸೇರುತ್ತದೆ. ಅದಕ್ಕೆ ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವ ಜೋಡಿಸುತ್ತೇವೆ. ಆತಿಥೇಯ ಕೋಶಕ್ಕೆ ಸಿಸಿಎಫ್2-ಎಎಂ ಎಂಬ, ಈ ಕಿಣ್ವ ಕತ್ತರಿಸಬಲ್ಲ ಹೊಳೆಯುವ ಬಣ್ಣ ತುಂಬಿಸುತ್ತೇವೆ. 409 ನ್ಯಾನೋಮೀಟರ್ ಬೆಳಕು ಬಿಟ್ಟರೆ ಅದು ಹಸಿರು. ಕಿಣ್ವ ಒಳಗೆ ಬಂದು ಕತ್ತರಿಸಿದರೆ ನೀಲಿ. ಹೊರಗೆ ಅಂಟಿಕೊಂಡ ವೆಸಿಕಲ್‌ನಿಂದ ಬಣ್ಣ ಬದಲಾಗುವುದಿಲ್ಲ. ನನಗೆ ಬೇಕಿದ್ದದ್ದು ಇದೇ. ಒಂದೇ ಕಿಣ್ವ ಎಷ್ಟೋ ಅಣುಗಳನ್ನು ಕತ್ತರಿಸುವುದರಿಂದ ಸ್ವಲ್ಪ ವೆಸಿಕಲ್ ಹೋದರೂ ಗೊತ್ತಾಗುತ್ತದೆ. ನೀಲಿ-ಹಸಿರಿನ ಅನುಪಾತ ನೋಡುವುದರಿಂದ ಕೋಶದಿಂದ ಕೋಶಕ್ಕೆ ಬಣ್ಣ ಹೆಚ್ಚು ಕಡಿಮೆ ತುಂಬಿದ್ದರೂ ತೊಂದರೆ ಕಡಿಮೆ. ನಿಮಿಷ ನಿಮಿಷಕ್ಕೂ ಓದಬಹುದು, ಕೋಶ ಸಾಯಿಸಬೇಕಿಲ್ಲ.

ದಾರಿ ಹುಡುಕುವಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಡೈನಾಸೋರ್ ಎಂಬ ರಾಸಾಯನಿಕ ಡೈನಮಿನ್ ಪ್ರೋಟೀನನ್ನು ತಡೆದು, ಕ್ಲಾಥ್ರಿನ್ (ಪೊರೆಯನ್ನು ಒಳಕ್ಕೆ ಮಡಚುವ ಪ್ರೋಟೀನ್) ದಾರಿಯೂ ಸೇರಿ ಡೈನಮಿನ್ ಬೇಕಿರುವ ದಾರಿಗಳನ್ನು ತಡೆಯುತ್ತದೆ. ಮೀಥೈಲ್-ಬೀಟಾ-ಸೈಕ್ಲೋಡೆಕ್ಸ್‌ಟ್ರಿನ್ ಕೊಲೆಸ್ಟೆರಾಲ್ ತೆಗೆದು ಲಿಪಿಡ್ ರಾಫ್ಟ್ (ಪೊರೆಯಲ್ಲಿ ಕೊಲೆಸ್ಟೆರಾಲ್ ಹೆಚ್ಚಿರುವ ತುಣುಕು) ಕೆಡಿಸುತ್ತದೆ. ಬಣ್ಣದ ವಿಧಾನದಲ್ಲಿ ಇವುಗಳ ಪರಿಣಾಮ ಅಂಟಿದ ಹೊಳಪಿನಲ್ಲಿ ಮುಳುಗಿಹೋಗುತ್ತಿತ್ತು. ಕಿಣ್ವದಲ್ಲಿ ವೇಗ ಇಳಿದದ್ದು ರೇಖೆಯಲ್ಲೇ ಕಂಡಿತು. 2017ರಲ್ಲಿ ಇದೇ ವಿಧಾನದಿಂದ ಒಂದು ಸೊಗಸಾದ ವಿಷಯ ಹೊರಬಂತು: ಒ-ಆಂಟಿಜನ್ (ಎಲ್‌ಪಿಎಸ್‌ನ ಹೊರತುದಿಯ ಸಕ್ಕರೆ ಸರಪಳಿ) ಇರುವ ವೆಸಿಕಲ್‌ಗಳು ಬೇಗ ಒಳಹೋಗುತ್ತವೆ, ರಾಫ್ಟ್ ದಾರಿ ಹಿಡಿಯುತ್ತವೆ. ಅದಿಲ್ಲದವು ಕ್ಲಾಥ್ರಿನ್ ಕಡೆ ವಾಲುತ್ತವೆ. ಬರೀ ಬಣ್ಣ ನೋಡುತ್ತಾ ಕೂತಿದ್ದರೆ ಇಂಥದ್ದು ಸಿಗುವುದು ಕಷ್ಟ ಅಲ್ವಾ?

ಹಾಗಂತ ಕಿಣ್ವವೂ ಪೂರ್ತಿ ನಿರಾಳವಲ್ಲ. ಬ್ಯಾಕ್ಟೀರಿಯಾ ತಳಿಗೆ ಆ ಜೀನ್ ಹೊತ್ತ ಪ್ಲಾಸ್ಮಿಡ್ (ಪುಟ್ಟ ಡಿಎನ್‌ಎ ಉಂಗುರ) ಸೇರಿಸಲೇಬೇಕು. ಕ್ಲೈಎ ಸ್ವತಃ ಪೊರೆಯಲ್ಲಿ ರಂಧ್ರ ಕೊರೆಯುವ ಟಾಕ್ಸಿನ್. ಜಾಸ್ತಿ ತಯಾರಾದರೆ ವೆಸಿಕಲ್‌ನ ಸ್ವಭಾವವೇ ಬದಲಾದೀತು, ಹಾಗಾಗಿ ಕೋಶಗಳ ಆರೋಗ್ಯ ಪರೀಕ್ಷಿಸುವುದನ್ನು ನಾನು ಬಿಡುವುದಿಲ್ಲ. ಕೆಲವು ಕೋಶಗಳು ಸಿಸಿಎಫ್2 ಅನ್ನು ಹೊರಗೆ ತಳ್ಳುತ್ತವೆ. ಅದನ್ನು ತಡೆಯಲು ಪ್ರೊಬೆನೆಸಿಡ್ ಎಂಬ ಔಷಧ ಹಾಕಬೇಕು. ಇನ್ನೊಂದು ಕೊರತೆ: ವೆಸಿಕಲ್ ಕೋಶದಲ್ಲಿ ಎಲ್ಲಿ ಇದೆ ಅಂತ ಇದು ತೋರಿಸುವುದಿಲ್ಲ.

ಒಳಹೋಗುವ ವೇಗ, ದಾರಿ ಅಳೆಯಬೇಕಾದರೆ ನಾನು ಕಿಣ್ವವನ್ನೇ ಆರಿಸುತ್ತೇನೆ. ರೋಗಿಯಿಂದ ಬಂದ ತಳಿಗೆ ಪ್ಲಾಸ್ಮಿಡ್ ಸೇರಿಸಲು ಆಗದಿದ್ದಾಗ ಬಣ್ಣಕ್ಕೆ ಮರಳುತ್ತೇನೆ. ಆಗ ಬಣ್ಣ ಹಾಕಿದ ವೆಸಿಕಲ್‌ಗಳನ್ನು ಡೆನ್ಸಿಟಿ ಗ್ರೇಡಿಯಂಟ್‌ನಲ್ಲಿ (ಸಾಂದ್ರತೆ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವ ದ್ರವದಲ್ಲಿ) ಹಾಯಿಸಿ ಬಿಡಿ ಬಣ್ಣವನ್ನು ಬೇರೆ ಮಾಡುತ್ತೇನೆ. ಬರೀ ಬಣ್ಣದ ಕಂಟ್ರೋಲ್ ಪ್ರತಿ ಪ್ಲೇಟ್‌ನಲ್ಲೂ ಇರುತ್ತದೆ. ಜೊತೆಗೆ ಎಲ್‌ಪಿಎಸ್ ಗುರುತಿಸುವ ಆಂಟಿಬಾಡಿ ಹಾಕಿ, ಎರಡೂ ಹೊಳಪು ಒಂದೇ ಜಾಗದಲ್ಲಿ ಬಿದ್ದ ಚುಕ್ಕೆಗಳನ್ನು ಮಾತ್ರ ಎಣಿಸುತ್ತೇನೆ.