ಕಷ್ಟಕಾಲಕ್ಕೆ ಯಾವ ಕನ್ನಡ ಬೈಬಲ್? ಮೂರು ಅನುವಾದ, ಒಂದು ಆ್ಯಪ್, ಒಂದು ವಾಗ್ದಾನ ಕಾರ್ಡ್

ಹಾಸನ, ಚಿಕ್ಕಮಗಳೂರು ಕಡೆಯ ಕ್ರೈಸ್ತ ಮನೆಗಳ ಕಪಾಟಿನಲ್ಲಿ ಒಂದಲ್ಲ, ಎರಡು ಮೂರು ಬೈಬಲ್ ಇರುತ್ತವೆ. ಮದುವೆಗೆ ಬಂದದ್ದು ಒಂದು, ಮಕ್ಕಳ ದೃಢೀಕರಣಕ್ಕೆ ಕೊಟ್ಟದ್ದು ಇನ್ನೊಂದು. ಆದರೆ ಸ್ಕ್ಯಾನ್ ರಿಪೋರ್ಟ್ ಕೆಟ್ಟದಾಗಿ ಬಂದ ದಿನ, ಮಳೆಗೆ ಕಾಫಿ ಕಾಯಿ ಉದುರಿ ಬ್ಯಾಂಕಿನವರು ಬಾಗಿಲಿಗೆ ಬಂದ ದಿನ, ಕೈಗೆ ಸಿಗುವುದು ಬಹಳ ಸಲ ಬೈಬಲ್ ಅಲ್ಲ, ಗೋಡೆಗೆ ಅಂಟಿಸಿದ ವಾಗ್ದಾನ ಕಾರ್ಡ್. ಆದ್ದರಿಂದ ಕಾರ್ಡಿನಿಂದಲೇ ಶುರುಮಾಡುವುದು ಒಳ್ಳೆಯದು.

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ಹಂಚುವ ಈ ಕಾರ್ಡುಗಳಲ್ಲಿ ಒಂದೇ ವಚನ ಇರುತ್ತದೆ. ಹಿಂದಿನ ಮುಂದಿನ ಮಾತು ಇರುವುದಿಲ್ಲ. ನೆಮ್ಮದಿಯ ದಿನಗಳಲ್ಲಿ ಇದರಿಂದ ತೊಂದರೆಯಿಲ್ಲ. ಕಷ್ಟದಲ್ಲಿ ತೊಂದರೆ ಇದೆ, ಮತ್ತು ಅದು ಚಿಕ್ಕದಲ್ಲ. ಮನೆಗಳಲ್ಲೂ ಅಂಗಡಿಗಳಲ್ಲೂ ಕಾಣುವ ಒಂದು ವಚನ ಯೋಬ 8:7, ಅಂದರೆ ಯೋಬನ ಗ್ರಂಥದ 8ನೇ ಅಧ್ಯಾಯದ 7ನೇ ವಚನ. ಮೊದಲಿನ ಸ್ಥಿತಿ ಅಲ್ಪವಾಗಿದ್ದರೂ ಕಡೆಯ ಸ್ಥಿತಿ ಬಹಳ ವೃದ್ಧಿಯಾಗುವುದು ಎಂಬ ಮಾತು ಅದು. ಅದನ್ನು ಹೇಳಿದವರು ದೇವರಲ್ಲ, ಯೋಬನ ಸ್ನೇಹಿತ ಬಿಲ್ದದ. ಅದಕ್ಕೆ ಮೂರು ವಚನ ಮೊದಲು, 8:4ರಲ್ಲಿ, ಇದೇ ಬಿಲ್ದದ ಹತ್ತು ಮಕ್ಕಳನ್ನು ಒಂದೇ ದಿನ ಕಳೆದುಕೊಂಡ ತಂದೆಗೆ ‘ನಿನ್ನ ಮಕ್ಕಳು ಪಾಪ ಮಾಡಿದ್ದರಿಂದ ಆತನು ಅವರನ್ನು ಅದರ ಫಲಕ್ಕೆ ಒಪ್ಪಿಸಿಬಿಟ್ಟ’ ಎಂಬ ಅರ್ಥದ ಮಾತು ಆಡುತ್ತಾನೆ. ಕಡೆಗೆ 42:7ರಲ್ಲಿ ದೇವರು ಆ ಸ್ನೇಹಿತರ ಮೇಲೆ ಕೋಪಗೊಂಡು, ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎನ್ನುತ್ತಾನೆ. ‘ನೀನು ನಿಶ್ಚಯಿಸಿದ ಕೆಲಸ ನೆರವೇರುವುದು’ ಎಂದು ಜೋರಾಗಿ ಸಾರುವ 22:28 ಕೂಡ ಹಾಗೆಯೇ, ಅದು ಇನ್ನೊಬ್ಬ ಸ್ನೇಹಿತ ಎಲೀಫಜನ ಮಾತು. ದೇವರು ಕೊಡದ ಮಾತನ್ನು ದೇವರ ಹೆಸರಲ್ಲಿ ಹಿಡಿದುಕೊಂಡವರು, ಅದು ನೆರವೇರದೆ ಹೋದಾಗ ದೇವರನ್ನೇ ದೂರುತ್ತಾರೆ. ನಂಬಿಕೆ ಕುಸಿಯುವುದು ಹೆಚ್ಚಾಗಿ ಇಲ್ಲಿ.

ನಿಮಗೆ ಒಳ್ಳೆಯ ಗತಿಯನ್ನೂ ನಿರೀಕ್ಷೆಯನ್ನೂ ಕೊಡುವೆ ಎನ್ನುವ ಯೆರೆಮೀಯ 29:11ರ ಕಥೆ ಬೇರೆ. ಅದು ನಿಜವಾಗಿ ದೇವರ ಮಾತು. ಆದರೆ ಅದು ಬಾಬಿಲೋನಿಗೆ ಸೆರೆಹೋದವರಿಗೆ ಬರೆದ ಪತ್ರದ ಒಂದು ಸಾಲು, ಮತ್ತು ಹಿಂದಿನ ವಚನದಲ್ಲೇ 70 ವರ್ಷ ಎಂಬ ಗಡುವು ಇದೆ. ಅದಕ್ಕೂ ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದಿದ್ದ. ಜನರಿಗೆ ಹಿಡಿಸಿದ್ದು ಅವನ ಮಾತು, ಸುಳ್ಳಾದದ್ದೂ ಅದೇ. ಪತ್ರದ 5ನೇ ವಚನ ಮನೆ ಕಟ್ಟಿ, ತೋಟ ಹಾಕಿ, ಫಲ ತಿನ್ನಿ ಎನ್ನುತ್ತದೆ. ಅರೇಬಿಕಾ ಸಸಿ ನೆಟ್ಟು ಫಸಲಿಗೆ ಮೂರು ನಾಲ್ಕು ವರ್ಷ ಕಾಯುವ ಜನರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಹೇಮಾವತಿ ಜಲಾಶಯಕ್ಕೆ ಊರು ಬಿಟ್ಟು ಬೇರೆಡೆ ನೆಲೆಸಿದ ಶೆಟ್ಟಿಹಳ್ಳಿಯವರಿಗೂ ಬೇಕಿಲ್ಲ. ಅವರ ರೋಸರಿ ಚರ್ಚ್ ಇವತ್ತಿಗೂ ಮಳೆಗಾಲದಲ್ಲಿ ಅರ್ಧ ನೀರಲ್ಲಿ ನಿಂತಿರುತ್ತದೆ. ಕಾರ್ಡನ್ನು ಕಿತ್ತು ಹಾಕಬೇಕಾಗಿಲ್ಲ. ಅದರ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಮೂರು ವಿಷಯ ಬರೆದಿಡಿ: ಈ ಮಾತು ಯಾರದು, ಯಾರಿಗೆ ಹೇಳಿದ್ದು, ಹಿಂದಿನ ಐದು ವಚನದಲ್ಲಿ ಏನಿದೆ. ಈ ಮೂರನ್ನು ದಾಟಿ ಉಳಿದ ವಚನ ಕಷ್ಟದಲ್ಲಿ ಕೈಕೊಡುವುದಿಲ್ಲ.

ಇನ್ನು ಅನುವಾದಗಳು. ಸಿಎಸ್‌ಐ (ದಕ್ಷಿಣ ಭಾರತ ಸಭೆ), ಮೆಥೊಡಿಸ್ಟ್ ಸಭೆಗಳಲ್ಲಿ ಓದುವ ಹಳೆಯ ‘ಸತ್ಯವೇದವು’ ಬೈಬಲ್ ಸೊಸೈಟಿ ಆಫ್ ಇಂಡಿಯಾದ್ದು, 66 ಪುಸ್ತಕಗಳದ್ದು. ಕನ್ನಡಕ್ಕೆ ಇಡೀ ಬೈಬಲ್ ಮೊದಲು ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ. ಈಗ ಓದುವ ಪಠ್ಯ ಅದಾದ ಮೇಲೆ ತಿದ್ದುಪಡಿಯಾಗಿ ಬಂದದ್ದು. ‘ಬರುವದು’, ‘ಆಗುವದು’ ಎಂಬ ಹಳೆಯ ರೂಪಗಳು ಹೊಸಬರಿಗೆ ತೊಡಕು, ನಿಜ. ಆದರೂ ರೋಗಿಯ ಪಕ್ಕ ಕೂತು ಗಟ್ಟಿಯಾಗಿ ಓದುವುದಕ್ಕೆ ಇದನ್ನು ಮೀರಿಸಿದ್ದು ಇಲ್ಲ. 23ನೇ ಕೀರ್ತನೆಯ ‘ಕೊರತೆಪಡೆನು’, ‘ಹೆದರೆನು’ ನೋಡಿ. ‘ಹೆದರುವುದಿಲ್ಲ’ ಎನ್ನುವಾಗ ‘ಇಲ್ಲ’ ಕಡೆಗೆ ಬಂದು ಮಾತು ಎಳೆಯುತ್ತದೆ. ‘ಹೆದರೆನು’ ಒಂದೇ ಪದ, ಆಡಿದವನೂ ಅದರೊಳಗೇ ಇದ್ದಾನೆ. ಮೂಗಿಗೆ ಆಕ್ಸಿಜನ್ ನಳಿಕೆ ಇರುವವರೂ ಅದನ್ನು ಒಂದೇ ಉಸಿರಿಗೆ ಹೇಳಬಲ್ಲರು. 46ನೇ ಕೀರ್ತನೆಯ ‘ಇಕ್ಕಟ್ಟು’ ಎಂಬ ಪದವೂ ಹಾಗೆಯೇ. ಕಷ್ಟ ಎಂಬುದಕ್ಕೆ ಹೀಬ್ರೂವಿನಲ್ಲಿ ಇರುವ ಪದದ ಮೂಲದಲ್ಲೂ ಅಗಲವಿಲ್ಲದ, ಒತ್ತಿ ಹಿಡಿದ ಜಾಗ ಎಂಬ ಅರ್ಥವೇ ಇದೆ. 118:5ರಲ್ಲಿ ಇಕ್ಕಟ್ಟಿನಿಂದ ಕೂಗಿದವನನ್ನು ದೇವರು ವಿಶಾಲವಾದ ಸ್ಥಳದಲ್ಲಿ ನಿಲ್ಲಿಸುತ್ತಾನೆ. ಅನುವಾದಕರು ‘ಸಂಕಷ್ಟ’ ಎಂಬ ಸುಲಭದ ಪದಕ್ಕೆ ಹೋಗದೆ ಇದನ್ನು ಹುಡುಕಿದ್ದಕ್ಕೆ ಕೃತಜ್ಞರಾಗಿರಬೇಕು.

ಹಳೆಯ ಪಠ್ಯ ಸೋಲುವುದು ಪೌಲನ ಪತ್ರಗಳಲ್ಲಿ, ಮತ್ತು ಯೋಬನ ಗ್ರಂಥದ ನಡುಭಾಗದಲ್ಲಿ. ಅಲ್ಲಿ ವಾಕ್ಯ ಉದ್ದ, ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದು ಕೈತಪ್ಪುತ್ತದೆ. ಅದಕ್ಕೆ ಸರಳ ಕನ್ನಡದ ‘ಪರಿಶುದ್ಧ ಬೈಬಲ್’ ಒಳ್ಳೆಯದು. ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯವನ್ನೂ 2 ಕೊರಿಂಥ 12ನ್ನೂ ಇದರಲ್ಲಿ ಓದಿದರೆ ಹತ್ತನೇ ತರಗತಿ ಓದಿದವರಿಗೂ ನೇರವಾಗಿ ಅರ್ಥವಾಗುತ್ತದೆ. ಕೀರ್ತನೆಗಳಿಗೆ ಇದನ್ನು ಬಳಸಲು ಹೋಗಬೇಡಿ. ಅರ್ಥ ಉಳಿಯುತ್ತದೆ, ಲಯ ಹೋಗುತ್ತದೆ, ಬಾಯಿಪಾಠ ನಿಲ್ಲುವುದಿಲ್ಲ.

ಕಥೋಲಿಕ ಸಭೆಯ ಬೈಬಲ್ಲಿನಲ್ಲಿ 73 ಪುಸ್ತಕ. ಇಲ್ಲಿ ಯೆಹೋವ ಎಂಬಲ್ಲಿ ‘ಸರ್ವೇಶ್ವರ’, ‘ಕುರುಬ’ ಎಂಬಲ್ಲಿ ‘ಕುರಿಗಾಹಿ’, ಸುವಾರ್ತೆ ಎಂಬಲ್ಲಿ ‘ಶುಭಸಂದೇಶ’. ಭಾಷೆ ತಿಳಿಯಾಗಿದೆ. ಸಭೆ ಯಾವುದೇ ಇರಲಿ, ಒಂದು ಕಾರಣಕ್ಕಾದರೂ ಇದರ ಒಂದು ಪ್ರತಿ ಕೈಯಳತೆಯಲ್ಲಿ ಇರಬೇಕು: 66 ಪುಸ್ತಕಗಳ ಬೈಬಲ್ಲಿನಲ್ಲಿ ಇಲ್ಲದ ಸಿರಾಖ ಗ್ರಂಥದ 38ನೇ ಅಧ್ಯಾಯದ ಮೊದಲ 15 ವಚನ. ವೈದ್ಯನನ್ನು ಗೌರವಿಸು, ಅವನನ್ನೂ ದೇವರೇ ಉಂಟುಮಾಡಿದ್ದು, ಮದ್ದು ಭೂಮಿಯಿಂದ ದೇವರೇ ಬೆಳೆಸಿದ್ದು, ಮೊದಲು ಪ್ರಾರ್ಥಿಸು, ಆಮೇಲೆ ವೈದ್ಯನಿಗೆ ಜಾಗ ಕೊಡು ಎಂಬ ಕ್ರಮ ಅಲ್ಲಿದೆ. ಉಪವಾಸ ಪ್ರಾರ್ಥನೆ ಎಂದು ಇನ್ಸುಲಿನ್ ನಿಲ್ಲಿಸುವವರು, ನಂಬಿಕೆ ಕಡಿಮೆಯಾಗುತ್ತದೆಂದು ಬಿಪಿ ಮಾತ್ರೆ ಬಿಡುವವರು ಇದ್ದಾರೆ. ಅವರಿಗೆ ವಾದ ಮಾಡುವ ಬದಲು ಈ ಭಾಗ ಓದಿ ಹೇಳಿ. ಇದು ತಮ್ಮ ಬೈಬಲ್ಲಿನಲ್ಲಿ ಇಲ್ಲ ಎನ್ನುವವರಿಗೆ ಯೆಶಾಯ 38:21 ಇದೆ. ಕಾಯಿಲೆ ಬಿದ್ದ ಅರಸ ಹಿಜ್ಕೀಯನಿಗೆ ಇನ್ನು 15 ವರ್ಷ ಆಯಸ್ಸು ಕೊಟ್ಟ ದೇವರು, ಹುಣ್ಣಿಗೆ ಅಂಜೂರದ ಉಂಡೆ ಕಟ್ಟುವುದನ್ನು ಬೇಡ ಎನ್ನಲಿಲ್ಲ, ಪ್ರವಾದಿಯ ಬಾಯಿಂದಲೇ ಹೇಳಿಸಿದ. ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ಪಾದ್ರಿ ಅಬ್ಬೆ ದುಬೋಯಿ 1800ರ ದಶಕದ ಆರಂಭದಲ್ಲಿ ಸಿಡುಬಿನ ಲಸಿಕೆ ಹಾಕಿಸಿಕೊಳ್ಳಿ ಎಂದು ಜನರನ್ನು ಒಪ್ಪಿಸಲು ಓಡಾಡಿದ್ದನ್ನೂ ಇಲ್ಲಿ ನೆನೆಯಬಹುದು.

ಯಾವ ಬೈಬಲ್ ಆದರೂ ಕಷ್ಟಕಾಲಕ್ಕೆ ಮೊದಲೇ ಸಿದ್ಧ ಮಾಡಿಟ್ಟಿರಬೇಕು. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಪುಟ ಮಗುಚುವಾಗ ಏನೂ ಸಿಗುವುದಿಲ್ಲ. ನಾಲ್ಕು ಕಡೆ ಗುರುತು ಸಾಕು: ಕೀರ್ತನೆ 13, ಕೀರ್ತನೆ 88, ಪ್ರಲಾಪಗಳು 3, ಮಾರ್ಕ 14 ಮತ್ತು 15.

ಮೊದಲು ಕೀರ್ತನೆ 13. ಆರೇ ವಚನ, ಒಂದು ನಿಮಿಷವೂ ಬೇಡ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಮೊರೆಯ ಕೀರ್ತನೆಗಳು. ಅವುಗಳ ಅಚ್ಚು ತಿಳಿಯಲು ಇದು ಸಾಕು. 1, 2ರಲ್ಲಿ ದೂರು: ‘ಎಷ್ಟರವರೆಗೆ’ ಎಂಬ ಪ್ರಶ್ನೆ ನಾಲ್ಕು ಸಲ. 3, 4ರಲ್ಲಿ ಬೇಡಿಕೆ. 5, 6ರಲ್ಲಿ ಭರವಸೆ. ಓದುವ ಕ್ರಮ ಹೀಗೆ. 2ನೇ ವಚನ ಮುಗಿದಾಗ ನಿಲ್ಲಿಸಿ, ಬೈಬಲ್ ಮುಚ್ಚದೆ ಸುಮ್ಮನಿರಿ. ಮಲಗಿರುವವರು ತಮ್ಮ ‘ಎಷ್ಟು ದಿನ’ ಎಂಬುದನ್ನು ತಮ್ಮ ಮಾತಿನಲ್ಲಿ ಹೇಳಲಿ, ಅಳಲಿ, ಏನೂ ಹೇಳದೆಯೂ ಇರಲಿ. ಆಮೇಲೆ 3, 4. ಅಲ್ಲಿಂದ ಮುಂದೆ ಹೋಗಲು ಅವರಿಗೆ ಆಗದಿದ್ದರೆ ಆ ದಿನಕ್ಕೆ ಅಷ್ಟೇ. 5ನೇ ವಚನ ನಾಳೆಗೋ ಮುಂದಿನ ವಾರಕ್ಕೋ ಇರಲಿ. ನೋಡಲು ಬಂದವರು ಮಾಡುವ ದೊಡ್ಡ ತಪ್ಪು ಎಂದರೆ ನೇರವಾಗಿ 5ರಿಂದ ಶುರುಮಾಡುವುದು. ದೂರನ್ನು ಬಾಯಿಬಿಟ್ಟು ಹೇಳದವರ ಬಾಯಲ್ಲಿ ಸ್ತೋತ್ರ ಒಣಗಿದ ಮಾತಾಗುತ್ತದೆ, ಮತ್ತು ಒಳಗಿದ್ದ ದೂರು ಆರು ತಿಂಗಳಾದ ಮೇಲೆ ಚರ್ಚಿಗೆ ಬರುವುದನ್ನೇ ನಿಲ್ಲಿಸುತ್ತದೆ.

ಕೀರ್ತನೆ 88ರಲ್ಲಿ ಭರವಸೆಯ ಭಾಗವೇ ಇಲ್ಲ. 18 ವಚನ ಮೊರೆಯಿಟ್ಟು ಕತ್ತಲೆಯಲ್ಲೇ ಮುಗಿಯುತ್ತದೆ. ಇದನ್ನು ಓದಲು ಜನ ಹೆದರುತ್ತಾರೆ, ಹೆದರಬೇಕಿಲ್ಲ. ಕತ್ತಲೆಯಿಂದಲೂ ಆ ಕೀರ್ತನೆಗಾರ ಕೂಗುತ್ತಿರುವುದು ದೇವರನ್ನೇ. ಅಂಥ ಪ್ರಾರ್ಥನೆಗೂ ಬೈಬಲ್ಲಿನಲ್ಲಿ ಜಾಗ ಕೊಟ್ಟಿದ್ದಾರೆ ಎಂದು ತಿಳಿದಾಗ, ‘ನನಗೆ ಪ್ರಾರ್ಥನೆ ಬರುತ್ತಿಲ್ಲ’ ಎನ್ನುವವರ ಮುಖ ಬದಲಾಗುತ್ತದೆ.

ಪ್ರಲಾಪಗಳು ಐದೇ ಅಧ್ಯಾಯ. ಮೂಲದಲ್ಲಿ ಮೊದಲ ನಾಲ್ಕು ಅಧ್ಯಾಯ ಹೀಬ್ರೂವಿನ 22 ಅಕ್ಷರಗಳ ಸಾಲಿನಲ್ಲಿ ಹೆಣೆದವು. ಅದಕ್ಕೇ 1, 2, 4ರಲ್ಲಿ 22 ವಚನ, 3ರಲ್ಲಿ ಅದರ ಮೂರರಷ್ಟು, 66. ‘ಅ’ದಿಂದ ‘ಳ’ದವರೆಗೆ ಒಂದಕ್ಷರವೂ ಬಿಡದೆ ಅತ್ತ ಹಾಗೆ. ಪ್ರತಿ ಮುಂಜಾನೆ ಹೊಸದಾಗುವ ಕರುಣೆಯ ಮಾತು 3:22, 23ರಲ್ಲಿ, ಅಂದರೆ ಇಡೀ ಗ್ರಂಥದ ನಡುವಿನಲ್ಲಿ ಇದೆ, ಕೊನೆಯಲ್ಲಿ ಅಲ್ಲ. ಅದಾದ ಮೇಲೂ ಅಳು ಮುಂದುವರಿಯುತ್ತದೆ. ತಿಥಿ ಮುಗಿಯಿತು, ಇನ್ನು ಅಳಬಾರದು ಎಂದು ಹೇಳುವ ನೆಂಟರಿಗೆ ಇದನ್ನು ತೋರಿಸಬಹುದು.

ಶವದ ಪೆಟ್ಟಿಗೆಯ ಪಕ್ಕ, ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ ಎಂಬ ರೋಮಾ 8:28 ಹೇಳುವುದನ್ನು ಬಿಡಿ. ಅದು ಸತ್ಯ, ಆದರೆ ಅದಕ್ಕಿಂತ ಎರಡು ವಚನ ಹಿಂದೆ, 26ರಲ್ಲಿ, ಮಾತಿಲ್ಲದ ನರಳಾಟದಿಂದ ಆತ್ಮನೇ ನಮಗಾಗಿ ಬೇಡುತ್ತಾನೆ ಎಂದಿದೆ. ಅದನ್ನು ಮೊದಲು ಓದಬೇಕು. ಯೋಬನ ಸ್ನೇಹಿತರು ಕೂಡ ಸರಿ ಮಾಡಿದ್ದು ಒಂದೇ: ಏಳು ದಿನ ಏಳು ರಾತ್ರಿ ಬಾಯಿ ತೆರೆಯದೆ ನೆಲದ ಮೇಲೆ ಕೂತದ್ದು. ಪ್ರವಾದಿ ಎಲೀಯ ತಾನು ಸಾಯಬೇಕೆಂದಾಗ ದೇವದೂತ ಉಪದೇಶ ಮಾಡಲಿಲ್ಲ, ಎರಡು ಸಲ ರೊಟ್ಟಿ ನೀರು ಕೊಟ್ಟು ಮಲಗಲು ಬಿಟ್ಟ (1 ಅರಸುಗಳು 19). ಸಕಲೇಶಪುರ, ಮೂಡಿಗೆರೆ ಕಡೆಯಿಂದ ಬಂದು ಹಾಸನದ ಆಸ್ಪತ್ರೆಗಳಲ್ಲಿ ಹಗಲು ರಾತ್ರಿ ರೋಗಿಯ ಜೊತೆ ಇರುವವರಿಗೆ ಒಂದು ಕ್ಯಾರಿಯರ್ ಊಟ, ಎರಡು ಗಂಟೆ ನಿದ್ದೆ ಸಿಕ್ಕರೆ, ಅದೂ ಅದೇ ಅಧ್ಯಾಯದ ಪಾಠ.

ಮುದ್ರಣದ ವಿಷಯ ಬೇಗ ಹೇಳಬಹುದು. ಇಡೀ ಬೈಬಲ್ ಡ್ರಿಪ್ ಹಾಕಿದ ಕೈಗೆ ಭಾರ. ರೋಗಿಗೆ ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಮಾತ್ರ ಇರುವ ಸಣ್ಣ ಪ್ರತಿ, ಮನೆಗೆ ದಪ್ಪ ಅಕ್ಷರದ ದೊಡ್ಡ ಪ್ರತಿ. ಬೈಬಲ್ ಕಾಗದ ತೆಳು, ಜೆಲ್ ಪೆನ್ನೂ ಹೈಲೈಟರೂ ಹಿಂಬದಿಗೆ ಇಳಿಯುತ್ತವೆ, ಹಳದಿ ಕಲರ್ ಪೆನ್ಸಿಲ್ ಸಾಕು. ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಪುಟಗಳು ಅಂಟುತ್ತವೆ. ಜಿಪ್ ಕವರಿನೊಳಗೆ ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿಡಿ. ಒದ್ದೆಯಾದದ್ದನ್ನು ಬಿಸಿಲಿಗೂ ಒಲೆಯ ಮೇಲಕ್ಕೂ ಹಿಡಿಯಬೇಡಿ, ಪುಟ ಸುರುಟುತ್ತದೆ. ನಡುನಡುವೆ ಟಿಶ್ಯೂ ಇಟ್ಟು ಫ್ಯಾನ್ ಗಾಳಿಗೆ ನಿಲ್ಲಿಸಿ, ಟಿಶ್ಯೂ ಬದಲಿಸುತ್ತಿರಿ.

ಮೊಬೈಲಿನಲ್ಲಿ ಬೈಬಲ್ ಓದುವ ಯೂವರ್ಷನ್ ಆ್ಯಪ್ ಉಚಿತ, ಕನ್ನಡದ ಒಂದಕ್ಕಿಂತ ಹೆಚ್ಚು ಅನುವಾದ ಅದರಲ್ಲಿ ಇವೆ. ತೋಟದ ಲೈನ್ ಮನೆಗಳಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ. ಅನುವಾದಗಳ ಪಟ್ಟಿಯಲ್ಲಿ ಡೌನ್‌ಲೋಡ್ ಗುರುತು ಇರುವುದನ್ನು ಪೇಟೆಯಲ್ಲಿರುವಾಗಲೇ ಇಳಿಸಿ, ಏರೋಪ್ಲೇನ್ ಮೋಡ್ ಹಾಕಿ ತೆರೆದು ಪರೀಕ್ಷಿಸಿ. ಅಕ್ಷರ ದೊಡ್ಡದು ಮಾಡಿ. ದಿನದ ವಚನದ ನೋಟಿಫಿಕೇಶನ್ ಆಫ್ ಮಾಡಿ, ಅದು ವಾಗ್ದಾನ ಕಾರ್ಡೇ ಮೊಬೈಲಿಗೆ ಬಂದ ಹಾಗೆ. ಮಾರ್ಕ 14, 15ನ್ನು ಮಾತ್ರ ಮೊಬೈಲಿನಲ್ಲಿ ಓದಬೇಡಿ, ಓದುವ ನಡುವೆ ಕರೆ ಬರುತ್ತದೆ. ಬಂಧನಕ್ಕೆ ಮುಂಚೆ ಗೆತ್ಸೇಮನೆ ತೋಟದಲ್ಲಿ ಯೇಸು ‘ಈ ಪಾತ್ರೆ ತೊಲಗಿಸು’ ಎಂದು ಬೇಡಿದ್ದು, ತೊಲಗದೆ ಇದ್ದದ್ದು, ಶಿಲುಬೆಯ ಮೇಲೆ ‘ನನ್ನ ದೇವರೇ, ನನ್ನನ್ನು ಯಾಕೆ ಕೈಬಿಟ್ಟೆ’ ಎಂಬ 22ನೇ ಕೀರ್ತನೆಯ ಮೊದಲ ಸಾಲನ್ನೇ ಕೂಗಿದ್ದು, ಇಷ್ಟನ್ನೂ ತಡೆಯಿಲ್ಲದೆ ಒಂದೇ ಸಲಕ್ಕೆ ಓದಬೇಕು. ನಿಧಾನವಾಗಿ ಓದಿದರೆ ಸುಮಾರು ಇಪ್ಪತ್ತು ನಿಮಿಷ. ರಾತ್ರಿ ವಾರ್ಡಿನ ದೀಪ ಆರಿಸುವ ಮೊದಲಿನ ಹೊತ್ತು ಇದಕ್ಕೆ ಸರಿ.