ಆರಿಂಚಿನ ಇ-ರೀಡರ್, ಮೂರು ವರ್ಷ, ನೆಟ್ಟಗೆ ಕಾಣದ ನಕ್ಷೆಗಳು

ಫ್ಯಾಂಟಸಿ ಕಾದಂಬರಿ ಶುರುವಾಗೋದೇ ನಕ್ಷೆಯಿಂದ. ಯಾವ ಹೊಳೆ ದಾಟಿದರೆ ಯಾರ ಸೀಮೆ, ಸೈನ್ಯ ಎರಡೇ ದಿನದಲ್ಲಿ ಆ ಕಣಿವೆ ಮುಟ್ಟೋದು ಸಾಧ್ಯವಾ ಅಂತ ಲೆಕ್ಕ ಹಾಕುವ ಚಟ ಇರುವವರಿಗೆ ಇ-ಇಂಕ್ ರೀಡರ್ (ಕಾಗದದ ಹಾಗೆ ಕಾಣುವ ಕಪ್ಪು-ಬಿಳುಪು ಪರದೆಯದು) ಕೈಕೊಡೋದು ಇಲ್ಲೇ. ಯಾವ ಕಂಪನಿಯದು ಅನ್ನೋದು ಬೇಡ, ಈ ಅಳತೆಯ ಪರದೆಯ ಹಣೆಬರಹವೇ ಇಷ್ಟು.

ಅಚ್ಚಿನಲ್ಲಿ ನಕ್ಷೆ ಎದುರುಬದುರು ಎರಡು ಪುಟ ಹರಡಿಕೊಂಡಿರುತ್ತೆ, ದೊಡ್ಡ ಪುಸ್ತಕವಾದರೆ ಸುಮಾರು 12 ಇಂಚು ಅಗಲ. ಆರಿಂಚು ಅನ್ನೋದು ಪರದೆಯ ಮೂಲೆಯಿಂದ ಮೂಲೆಗೆ, ಅಗಲ 3.6 ಇಂಚು ಅಷ್ಟೇ. 8 ಪಾಯಿಂಟಿನ ಊರ ಹೆಸರು 2.4 ಪಾಯಿಂಟಿಗೆ ಇಳಿಯುತ್ತೆ, ಅಡ್ಡ ತಿರುಗಿಸಿದರೆ 3.2. ಮಾತ್ರೆ ಹಾಳೆಯ ಹಿಂದಿನ ಅಕ್ಷರವೇ ವಾಸಿ. ಹಿಗ್ಗಿಸೋಣ ಅಂದರೆ, ಫೈಲ್ ಹಗುರವಾಗಲಿ ಅಂತ ಎಷ್ಟೋ ಪ್ರಕಾಶಕರು ಚಿತ್ರವನ್ನೇ ಕುಗ್ಗಿಸಿರುತ್ತಾರೆ, ಎಳೆದಷ್ಟೂ ಮಸುಕು. ಕೆಲವದರಲ್ಲಿ ಎಡ ಅರ್ಧ ಒಂದು ಪುಟ, ಬಲ ಅರ್ಧ ಇನ್ನೊಂದು. ನಡುವಿನ ಹೊಲಿಗೆಗೆ ಸಿಕ್ಕಿದ ಊರು ಎರಡರಲ್ಲೂ ಇಲ್ಲ. ಮೂಲದಲ್ಲಿ ಬಣ್ಣ ಇದ್ದರಂತೂ 16 ಬೂದು ಛಾಯೆಗಳಲ್ಲಿ ಕಾಡು ಯಾವುದು, ಸಮುದ್ರ ಯಾವುದು ಅಂತ ಊಹೆ ಮಾಡಬೇಕು.

ಕೊನೆಗೆ ಉಳಿದ ದಾರಿ ಜೆರಾಕ್ಸ್ ಅಂಗಡಿ. ಲಾಕ್ ಇಲ್ಲದ ಇಪಬ್ (ಇ-ಪುಸ್ತಕದ ಫೈಲ್) ಅಂದರೆ ಒಳಗೆ ಬರೀ ಜಿಪ್ ಫೈಲ್. ಕ್ಯಾಲಿಬರ್ ಅನ್ನುವ ಇ-ಪುಸ್ತಕದ ತಂತ್ರಾಂಶದಲ್ಲಿ 'ಎಡಿಟ್ ಬುಕ್' ತೆರೆದು ಚಿತ್ರಗಳ ಪಟ್ಟಿಯಿಂದ ನಕ್ಷೆ ಹೊರತೆಗೆಯಬಹುದು. ಡಿಆರ್‌ಎಂ, ಅಂದರೆ ನಕಲು ತಡೆಯುವ ಲಾಕ್, ಇದ್ದರೆ ಲೇಖಕರ ಜಾಲತಾಣ ನೋಡಿ, ಎಷ್ಟೋ ಜನ ದೊಡ್ಡ ಅಳತೆಯದ್ದನ್ನು ಹಾಕಿರುತ್ತಾರೆ. ಪ್ರಿಂಟಿಗೆ ಕೊಡುವ ಮುಂಚೆ ಕಪ್ಪು-ಬಿಳುಪು ಮಾಡಿ ಕಾಂಟ್ರಾಸ್ಟ್ ಏರಿಸಬೇಕು. ಇಲ್ಲದಿದ್ದರೆ ನೀಲಿ ಸಮುದ್ರ ಕರ‍್ರಗೆ ಬಂದು ಬಂದರುಗಳ ಹೆಸರೆಲ್ಲ ಮುಳುಗಿಹೋಗುತ್ತವೆ. ಎ4 ಹಾಳೆ, ಅಡ್ಡಡ್ಡ ಪ್ರಿಂಟ್, ಎರಡು ಮಡಿಕೆ, ರೀಡರಿನ ಕವರೊಳಗೆ. ಮಡಿಕೆ ರಾಜಧಾನಿಯ ಮೇಲೆ ಬೀಳಬಾರದು, ಬಿಚ್ಚಿ ಮಡಿಸಿ ಮಾಡುವಾಗ ಆ ಗೆರೆಯ ಟೋನರ್ ಉದುರುತ್ತೆ. ಪಾತ್ರಗಳು ಹೋದ ದಾರಿಯನ್ನು ಪೆನ್ಸಿಲಿನಲ್ಲಿ ಎಳೆದು ಪಕ್ಕದಲ್ಲಿ ಅಧ್ಯಾಯದ ಸಂಖ್ಯೆ ಬರೆಯುತ್ತಾ ಹೋಗಿ. ಹೋಗುವಾಗ ಹನ್ನೆರಡು ದಿನ ಹಿಡಿದ ದಾರಿ ವಾಪಸು ಬರುವಾಗ ಒಂದು ರಾತ್ರಿಯಲ್ಲಿ ಮುಗಿದಿದ್ದರೆ ಲೇಖಕರು ಅಲ್ಲೇ ಸಿಕ್ಕಿಬೀಳುತ್ತಾರೆ.

ಹತ್ತು ಸಾವಿರದ ಮೇಲೆ ಸುರಿದು ತಂದ ಯಂತ್ರಕ್ಕೆ ಐದು ರೂಪಾಯಿ ಹಾಳೆಯ ಊರುಗೋಲು!

ಆದರೂ ಇದನ್ನು ಮಾರುವ ಮನಸ್ಸಾಗಿಲ್ಲ. ಕಾರಣ ಬ್ಯಾಟರಿಯಲ್ಲ, ಬೆಳಕಲ್ಲ, ಹುಡುಕಾಟ. ಏಳುನೂರನೇ ಪುಟದಲ್ಲಿ ಯಾವನೋ ಮುದುಕ ಬಾಗಿಲು ತಟ್ಟುತ್ತಾನೆ, ಕಥೆಯಲ್ಲಿ ಎಲ್ಲರಿಗೂ ಅವನ ಗುರುತು ಸಿಗುತ್ತೆ, ಓದುಗನಿಗೆ ಮಾತ್ರ ಇಲ್ಲ. ಹೆಸರಿನ ಮೇಲೆ ಬೆರಳೊತ್ತಿ ಹುಡುಕು ಅಂದರೆ ಸಾಲುಸಾಲಾಗಿ ಬರುತ್ತೆ: ಮೂರನೇ ಅಧ್ಯಾಯದಲ್ಲಿ ಕುದುರೆಗೆ ನೀರು ಕೊಟ್ಟವನು! ಒಂದು ಎಚ್ಚರ, ಆ ಪಟ್ಟಿಯಲ್ಲಿ ಮುಂದಿನ ಪುಟಗಳ ಸಾಲುಗಳೂ ಇರುತ್ತವೆ. ಕೆಳಕ್ಕೆ ಸರಿಸಿದರೆ ಅವನು ಸಾಯೋದೂ ಗೊತ್ತಾಗಿಬಿಡುತ್ತೆ. ಸಂಪುಟಗಳು ಬೇರೆ ಬೇರೆ ಫೈಲ್ ಆಗಿದ್ದರೆ ಹಿಂದಿನದನ್ನು ತೆರೆದು ಮತ್ತೆ ಹುಡುಕಬೇಕು.

ವಿಮರ್ಶೆ ಬರೆಯುವವರು ಟಿಪ್ಪಣಿಗೆ ಒಂದು ಶಿಸ್ತು ಇಟ್ಟುಕೊಳ್ಳಬೇಕು. ಇ-ಇಂಕ್ ಮೇಲೆ ಟೈಪ್ ಮಾಡೋದು ಕೆಸರಲ್ಲಿ ನಡೆದ ಹಾಗೆ, ಆದ್ದರಿಂದ ಗೆರೆ ಎಳೆದ ಸಾಲಿಗೆ ಒಂದೇ ಅಂಕಿ: 1 ಪಾತ್ರ, 2 ಮಾಟದ ನಿಯಮ, 3 ಕಾಲದ ಎಡವಟ್ಟು, 4 ಒಳ್ಳೆ ವಾಕ್ಯ. ಆಮೇಲೆ ಕಂಪ್ಯೂಟರಿನಲ್ಲಿ 2 ಅಂತ ಗುರುತು ಹಾಕಿದ ಸಾಲುಗಳನ್ನೆಲ್ಲ ಒಟ್ಟು ಹಾಕಿದರೆ, ರಕ್ತ ಕೊಡದೆ ಮಂತ್ರ ನಡೆಯಲ್ಲ ಅಂದಿದ್ದ ಲೇಖಕರು ಕ್ಲೈಮ್ಯಾಕ್ಸಿನಲ್ಲಿ ಅದನ್ನು ಮರೆತಿದ್ದಾರಾ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತೆ. ಇಡೀ ಪ್ಯಾರಾಕ್ಕೆ ಗೆರೆ ಎಳೆಯಬೇಡಿ. ಗೆರೆ ಎಳೆದದ್ದು ಪುಸ್ತಕದ ಇಂತಿಷ್ಟು ಭಾಗ ದಾಟಿದ ಮೇಲೆ ಕಂಪ್ಯೂಟರಿಗೆ ರಫ್ತಾಗದ ಹಾಗೆ ಪ್ರಕಾಶಕರು ಮಿತಿ ಹಾಕಿರಬಹುದು. ಆಗ ಫೈಲಿನಲ್ಲಿ ವಾಕ್ಯದ ಬದಲು ಮಿತಿ ಮೀರಿದೆ ಅನ್ನುವ ಸೂಚನೆ ಮಾತ್ರ ಸಿಗುತ್ತೆ. ಸಾಲಿನ ಮೊದಲ ನಾಲ್ಕು ಪದಕ್ಕೆ ಗೆರೆ ಎಳೆದರೆ ಸಾಕು. ಪುಟಸಂಖ್ಯೆ ಆವೃತ್ತಿಗೊಂದು ಥರ, ವಿಮರ್ಶೆಯಲ್ಲಿ ಅಧ್ಯಾಯ ಹೇಳಿ.

ಕೆಳಮೂಲೆಯ ಶೇಕಡಾ ಅಂಕಿ ಆಫ್ ಮಾಡಿಡಿ. ನಾಯಕನ ಕುತ್ತಿಗೆಗೆ ಕುಣಿಕೆ ಬಿದ್ದಾಗ 58 ಅಂತ ಕಂಡರೆ ಭಯ ಎಲ್ಲಿಂದ ಬರಬೇಕು?

ಕನ್ನಡದ ಓದಿಗೆ? ಯೂನಿಕೋಡ್ ಇಪಬ್ ಆದರೆ ತೊಂದರೆಯಿಲ್ಲ, ಒತ್ತಕ್ಷರ ಒಡೆದರೆ ನೋಟೋ ಸೆರಿಫ್ ಕನ್ನಡ ಫಾಂಟ್ ಹಾಕಿ ನೋಡಿ. ಹಳೇ ನುಡಿ ಫಾಂಟಿನ ಪಿಡಿಎಫ್ ಮಾತ್ರ ಹೊರಗೆ ಕನ್ನಡ, ಒಳಗೆ ಇಂಗ್ಲಿಷ್ ಕೋಡ್: 'ಅರಮನೆ' ಅಂತ ಹುಡುಕಿದರೆ ಶೂನ್ಯ, ಪರದೆಗೆ ತಕ್ಕಂತೆ ಸಾಲು ಮರುಜೋಡಿಸುವ ರೀಫ್ಲೋ ಒತ್ತಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅಚ್ಚರಿ ಅಂದರೆ ಸ್ಕ್ಯಾನ್ ಆದ ಹಳೇ ಪಾಕೆಟ್ ಪತ್ತೇದಾರಿಗಳು ಇದಕ್ಕೆ ಹೇಳಿಮಾಡಿಸಿದ ಹಾಗಿವೆ. ಪುಟವೇ ಚಿಕ್ಕದು, ಅಂಚು ಕ್ರಾಪ್ ಮಾಡಿದರೆ ಅಕ್ಷರ ಅಚ್ಚಿಗಿಂತ ತುಸುವೇ ಸಣ್ಣದು. ನಕ್ಷೆಯ ಗೋಜೂ ಇಲ್ಲ, ಕೊಲೆ ಆಗೋದು ಒಂದೇ ಬಂಗಲೆಯಲ್ಲಿ.